ಕರಿಜಾಲಿ ಮರದ ವೈಜ್ಞಾನಿಕ ಹೆಸರು ಯಾಕೆ ಬದಲಾಯಿತು?

ನಿಮ್ಮ ಪ್ರಶ್ನೆ: ಹಳೆಯ ಪುಸ್ತಕದಲ್ಲಿ ಕರಿಜಾಲಿ ಅಂದರೆ ‘ಅಕೇಶಿಯಾ ನಿಲೋಟಿಕಾ’, ಈಗ ಹುಡುಕಿದರೆ ‘ವಚೆಲಿಯಾ ನಿಲೋಟಿಕಾ’. ಯಾವುದು ಸರಿ, ವಿಜ್ಞಾನಿಗಳು ಸುಮ್ನೆ ಯಾಕೆ ಹೆಸರು ಬದಲಿಸುತ್ತಾರೆ?

ಎರಡೂ ಒಂದೇ ಮರ. ಈಗ ಚಾಲ್ತಿಯಲ್ಲಿರುವುದು ವಚೆಲಿಯಾ. ಆದರೆ ‘ಸುಮ್ನೆ’ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಈ ಹೆಸರಿಗಾಗಿ ವರ್ಷಗಟ್ಟಲೆ ಜಗಳ ನಡೆದಿದೆ.

ನಾನು ಬಾಟನಿ ಪಾಠ ಮಾಡುವವನು. ಒಣಗಿಸಿ ಅಂಟಿಸಿದ ಜಾಲಿ ಕೊಂಬೆಯ ಹಾಳೆಯೊಂದು ನನ್ನ ಕಪಾಟಿನಲ್ಲಿದೆ. ಜೋಡಿ ಬಿಳಿ ಮುಳ್ಳು, ಮಣಿ ಪೋಣಿಸಿದಂಥ ಕಾಯಿ. ಹಳದಿ ಹೂವಿನ ಉಂಡೆಗಳು ಮಾತ್ರ ಪುಡಿಯಾಗಿವೆ. ಚೀಟಿಯಲ್ಲಿ ಅಕೇಶಿಯಾ ಎಂದೇ ಇದೆ. ಇಂಥ ಒಣ ಗಿಡಗಳ ಸಂಗ್ರಹಕ್ಕೆ ಹರ್ಬೇರಿಯಂ ಅನ್ನುತ್ತೇವೆ. ಅಲ್ಲಿ ಹಳೆಯ ಹೆಸರನ್ನು ಅಳಿಸುವ ರೂಢಿಯಿಲ್ಲ, ಹೊಸ ಚೀಟಿಯನ್ನು ಪಕ್ಕದಲ್ಲಿ ಅಂಟಿಸುತ್ತೇವೆ.

ವೈಜ್ಞಾನಿಕ ಹೆಸರಿನ ಮೊದಲ ಪದ ಕುಲದ್ದು, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನದು. ಅಕೇಶಿಯಾ ಎಂಬ ಕುಲವನ್ನು 1754ರಲ್ಲಿ ಹೆಸರಿಸಿದವನು ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರ್. ಮುಳ್ಳು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು. ಆಮೇಲೆ ಬಂದವರು ಕುಚ್ಚಿನಂಥ ಹೂವಿರುವ ಮರಗಳನ್ನೆಲ್ಲ ಅದರೊಳಗೆ ತುಂಬುತ್ತಾ ಹೋದರು. ಪ್ರಭೇದಗಳ ಲೆಕ್ಕ 1,300 ದಾಟಿತು. ಅದರಲ್ಲಿ ಸಾವಿರದ ಹತ್ತಿರ ಆಸ್ಟ್ರೇಲಿಯಾದವೇ. ಡಿಎನ್‌ಎ ನೋಡುವ ಕಾಲ ಬಂದಾಗ ಇದೆಲ್ಲ ಒಂದೇ ಮನೆತನವಲ್ಲ ಅಂತ ಗೊತ್ತಾಯಿತು. ಆಸ್ಟ್ರೇಲಿಯಾದ ಅಕೇಶಿಯಾಗೆ ನಮ್ಮ ಕರಿಜಾಲಿಗಿಂತ ಬಾಗೆ ಮರ, ಮಳೆ ಮರಗಳೇ ಹತ್ತಿರದ ನೆಂಟರು! ಹಾಗಾಗಿ ಕುಲವನ್ನು ಒಡೆಯಲೇಬೇಕಾಯಿತು.

ಮನೆ ಪಾಲಾದರೆ ಮನೆತನದ ಹೆಸರು ಯಾರಿಗೆ? ಇದಕ್ಕೆ ನಿಯಮವಿದೆ. ಪ್ರತಿ ಕುಲಕ್ಕೂ ಒಂದು ಮಾದರಿ ಪ್ರಭೇದ ಇರುತ್ತದೆ. ಅದು ಯಾವ ಪಾಲಿಗೆ ಬರುತ್ತದೋ ಹೆಸರೂ ಆ ಪಾಲಿಗೆ. ಅಕೇಶಿಯಾದ ಮಾದರಿ ಯಾವುದು ಗೊತ್ತಾ? ನಮ್ಮ ಕರಿಜಾಲಿಯೇ. ಅಂದರೆ ಹೆಸರು ಬದಲಿಸಿಕೊಳ್ಳಬೇಕಿದ್ದದ್ದು ಆಸ್ಟ್ರೇಲಿಯಾದ ಮರಗಳು. ಅಷ್ಟೊಂದು ಹೆಸರು ಬದಲಿಸುವುದು ಯಾರಿಗೆ ಬೇಕು? ಮಾದರಿಯನ್ನೇ ಬದಲಿಸಿ, ಆಸ್ಟ್ರೇಲಿಯಾದ ಒಂದು ಪ್ರಭೇದವನ್ನು ಕೂರಿಸಿ ಅಂತ 2003ರಲ್ಲಿ ಪ್ರಸ್ತಾಪ ಬಂತು. ಗಿಡಗಳ ಹೆಸರಿನ ತಕರಾರು ನೋಡುವ ಸಮಿತಿ ಒಪ್ಪಿತು. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಸಸ್ಯವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಇದಕ್ಕೆ ವಿರುದ್ಧವೇ ಬಿತ್ತು. ಆದರೆ ಸಮಿತಿಯ ಮಾತನ್ನು ತಳ್ಳಿಹಾಕಲು ಶೇ. 60 ಬೇಕಿತ್ತು, ಅಷ್ಟು ಸಿಗಲಿಲ್ಲ. 2011ರಲ್ಲಿ ಮತ್ತೆ ಚರ್ಚೆಯಾಗಿ ಅದೇ ಗಟ್ಟಿಯಾಯಿತು. ಆ ಸಲ ಸಮ್ಮೇಳನ ನಡೆದದ್ದು ಮೆಲ್ಬರ್ನ್‌ನಲ್ಲಿ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಸಾವಿರ ಹೆಸರು ಬದಲಿಸುವ ತಾಪತ್ರಯ ನನಗೂ ಅರ್ಥವಾಗುತ್ತದೆ. ಆದರೂ ಹೊಟ್ಟೆ ಉರಿಯುತ್ತದೆ. ಮಲೆನಾಡಿನ ಗುಡ್ಡಗಳಲ್ಲಿ ಸಾಲುಸಾಲು ನೆಟ್ಟಿರುವ ‘ಅಕೇಶಿಯಾ’ ನೋಡಿದ್ದೀರಲ್ವಾ? ಆಸ್ಟ್ರೇಲಿಯಾ ಕಡೆಯಿಂದ ಬಂದದ್ದು, ಒಂದು ಮುಳ್ಳೂ ಇಲ್ಲ. ನಾವು ಎಲೆ ಅಂದುಕೊಳ್ಳುವುದೂ ಅಲ್ಲಿ ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ಬೀಜದಿಂದ ಆಗಷ್ಟೇ ಎದ್ದ ಸಸಿ ನೋಡಿ, ಮೊದಲು ಜಾಲಿಯಂಥ ಗರಿಗರಿ ಎಲೆಯೇ ಬರುತ್ತದೆ. ಆಮೇಲೆ ತೊಟ್ಟು ಅಗಲವಾಗುತ್ತಾ ಎಲೆ ಮಾಯ. ಮುಳ್ಳಿನ ಹೆಸರು ಈಗ ಇದಕ್ಕೆ!

ಅಂದಹಾಗೆ ವಚೆಲಿಯಾ ಕೂಡ ಹೊಸದಾಗಿ ಕಟ್ಟಿದ ಹೆಸರಲ್ಲ. ಮದ್ರಾಸಿನಲ್ಲಿ ಕೆಲಸ ಮಾಡಿದ ರಾಬರ್ಟ್ ವೈಟ್, ಇನ್ನೊಬ್ಬರ ಜೊತೆ ಸೇರಿ ದಕ್ಷಿಣ ಭಾರತದ ಗಿಡಗಳ ಬಗ್ಗೆ 1834ರಲ್ಲಿ ಬರೆದ ಪುಸ್ತಕದಿಂದ ಎತ್ತಿಕೊಂಡದ್ದು.

ಇನ್ನೊಂದು ಕಡೆ ನಿಯಮ ನಮಗೆ ಒಲಿದಿದೆ. ಬಳ್ಳಾರಿ ಜಾಲಿ ಮತ್ತು ನಮ್ಮ ಬನ್ನಿ ಎರಡೂ ಪ್ರೊಸೊಪಿಸ್ ಎಂಬ ಕುಲದಲ್ಲಿದ್ದವು. 2022ರಲ್ಲಿ ಆ ಕುಲವೂ ಒಡೆಯಿತು. ಮಾದರಿ ಪ್ರಭೇದ ಬನ್ನಿಯೇ ಆದ್ದರಿಂದ ಹೆಸರು ಅದಕ್ಕೇ ಉಳಿಯಿತು. ಬಳ್ಳಾರಿ ಜಾಲಿ ಈಗ ನೆಲ್ಟುಮಾ.

ಪರೀಕ್ಷೆಗೆ ಕೇಳಿದ್ದಾದರೆ ವಚೆಲಿಯಾ ಅಂತ ಬರೆದು, ಪಕ್ಕದಲ್ಲಿ ಹಳೆಯ ಹೆಸರನ್ನೂ ಹಾಕಿ. ಪೇಪರ್ ತಿದ್ದುವವರು ಯಾವ ಕಾಲದಲ್ಲಿ ಓದಿದವರೋ ಹೇಳಲಾಗದು.