ಸೇನೆಯ ಪಿಸ್ತೂಲು, ಪರವಾನಗಿಯ ಪಿಸ್ತೂಲು

ಪ್ರಶ್ನೆ: ನಮ್ಮ ತಂದೆಯವರು ಸೇನೆಯಲ್ಲಿದ್ದಾಗ 9 ಎಂ.ಎಂ. ಪಿಸ್ತೂಲು ಬಳಸಿದವರು. ನಿವೃತ್ತಿಯ ನಂತರ ಪರವಾನಗಿ ಪಡೆದು .32 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ) ‘ಅಶನಿ’ ಪಿಸ್ತೂಲು ಕೊಂಡರು. ಎರಡೂ ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲೇ ತಯಾರಾದವು. ಹಾಗಾದರೆ ‘ಅಶನಿ’ಯು ಸೇನೆಯ ಪಿಸ್ತೂಲಿನ ನಾಗರಿಕ ರೂಪವೇ? ಗುಣಮಟ್ಟವನ್ನು ತಗ್ಗಿಸಿ ಜನರಿಗೆ ಮಾರುತ್ತಾರೆಯೇ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ಒಂದೇ ಕಾರ್ಖಾನೆಯಿಂದ ಬಂದಿದ್ದರೂ ಇವೆರಡು ಬೇರೆ ಬೇರೆ ಪಿಸ್ತೂಲುಗಳು. ಅವುಗಳ ನಡುವಿನ ಅಂತರ ಗುಣಮಟ್ಟದ್ದಲ್ಲ, ಅವು ಹಾರಿಸುವ ತೋಟಾದ್ದು. ಆ ತೋಟಾವನ್ನು ನಿರ್ಧರಿಸಿದ್ದು ಕಾನೂನು.

ನಿಮ್ಮ ತಂದೆಯವರು ಬಳಸಿದ ‘ಪಿಸ್ಟಲ್ ಆಟೋ 9 ಎಂ.ಎಂ. 1ಎ’ಯ ಮೂಲ ಬ್ರೌನಿಂಗ್ ಹೈ-ಪವರ್ ಎಂಬ ಪಿಸ್ತೂಲು. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅದರ ವಿನ್ಯಾಸ ಆರಂಭಿಸಿ 1926ರಲ್ಲಿ ತೀರಿಕೊಂಡ ಮೇಲೆ, ಬೆಲ್ಜಿಯಂನ ಎಫ್.ಎನ್. ಕಂಪನಿಯ ದ್ಯೂದೊನೆ ಸೇವ್ ಅದನ್ನು ಪೂರ್ಣಗೊಳಿಸಿದರು. ಮ್ಯಾಗಜೀನಿನಲ್ಲಿ (ತೋಟಾ ತುಂಬುವ ಡಬ್ಬಿ) 13 ತೋಟಾಗಳು ಹಿಡಿಯುತ್ತವೆ. 9 ಎಂ.ಎಂ. ತೋಟಾದ ಒತ್ತಡ ಹೆಚ್ಚಾದ್ದರಿಂದ, ಗುಂಡು ಹಾರುವ ಕ್ಷಣದಲ್ಲಿ ನಳಿಗೆ ಮತ್ತು ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಒಂದಕ್ಕೊಂದು ಬೆಸೆದುಕೊಂಡು ತುಸು ಹಿಂದೆ ಸರಿಯುತ್ತವೆ. ಒತ್ತಡ ಇಳಿದ ಬಳಿಕವಷ್ಟೇ ನಳಿಗೆ ಕೆಳಗೆ ಬಾಗಿ ಸ್ಲೈಡನ್ನು ಬಿಟ್ಟುಕೊಡುತ್ತದೆ. ‘ಅಶನಿ’ಗೆ (ಹೆಸರಿನ ಅರ್ಥ ಸಿಡಿಲು) ಇಂಥ ಬೀಗದ ಅಗತ್ಯವಿಲ್ಲ. .32 ತೋಟಾದ ಶಕ್ತಿ 9 ಎಂ.ಎಂ.ನ ಅರ್ಧಕ್ಕೂ ಕಡಿಮೆ ಇರುವುದರಿಂದ ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಎರಡೇ ಸಾಕಾಗುತ್ತವೆ. ಹೀಗಾಗಿ ಅದರ ರಚನೆ ಸರಳವಾಗಿದೆ. ಸರಳತೆಯನ್ನು ಕೀಳು ಗುಣಮಟ್ಟವೆಂದು ಎಣಿಸುವುದು ಸರಿಯಲ್ಲ.

ಸರ್ಕಾರವು ನಾಗರಿಕರಿಗೆ 9 ಎಂ.ಎಂ. ಪಿಸ್ತೂಲನ್ನೇ ಏಕೆ ಮಾರುವುದಿಲ್ಲ ಎಂಬುದು ನಿಮ್ಮ ಪ್ರಶ್ನೆಯೊಳಗೇ ಅಡಗಿರುವ ಇನ್ನೊಂದು ಪ್ರಶ್ನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪಿಸಿದ ನಿಯಮಗಳು, ಸೇನೆ ಬಳಸುವ 9 ಎಂ.ಎಂ. ಹಾಗೂ .45 ತೋಟಾಗಳನ್ನು, ಮತ್ತು ಹಳೆಯ .380, .455 ರಿವಾಲ್ವರ್ ತೋಟಾಗಳನ್ನು ಹಾರಿಸಬಲ್ಲ ಯಾವುದೇ ಪಿಸ್ತೂಲು ಅಥವಾ ರಿವಾಲ್ವರನ್ನು ನಿಷೇಧಿತ ಬೋರ್ ಎಂದು ವರ್ಗೀಕರಿಸಿದವು. ಕೇಂದ್ರ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಅಂಥದ್ದನ್ನು ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, 7ರಿಂದ 14 ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದು. ಸೇನೆಯ ಉಗ್ರಾಣದಿಂದ ಕಳುವಾದ ತೋಟಾ ಹೊರಗಿನ ಯಾವ ಆಯುಧಕ್ಕೂ ಹೊಂದಬಾರದು ಎಂಬುದೇ ಇದರ ತಿರುಳು. ಈ ಆತಂಕ ಬ್ರಿಟಿಷರ ಕಾಲದ್ದು. 20ನೇ ಶತಮಾನದ ಆರಂಭದಲ್ಲಿ ಅವರು ಇದೇ ಭಯದಿಂದ .450 ಬೋರಿನ ರೈಫಲ್‌ಗಳನ್ನು ಭಾರತಕ್ಕೆ ತರುವುದನ್ನು ನಿಷೇಧಿಸಿದಾಗ, ಇಂಗ್ಲೆಂಡಿನ ಬಂದೂಕು ತಯಾರಕರು ಇಲ್ಲಿನ ಬೇಟೆಗಾರರಿಗಾಗಿ .465, .470ರಂಥ ಹೊಸ ಅಳತೆಗಳನ್ನೇ ಸೃಷ್ಟಿಸಬೇಕಾಯಿತು.

ನಿಮ್ಮ ಮೊದಲ ಊಹೆಗೆ ಹೆಚ್ಚು ಹೊಂದುವ ಉದಾಹರಣೆ ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್. ಅದರ ಮೂಲ ಸೇನೆ ಮತ್ತು ಪೊಲೀಸರು ಬಳಸುತ್ತಿದ್ದ .380 ವೆಬ್ಲಿ ಮಾರ್ಕ್ 4 ಎಂಬ ಬ್ರಿಟಿಷ್ ರಿವಾಲ್ವರ್. ನಡುವೆ ಮಡಚಿ ತೆರೆದುಕೊಳ್ಳುವ ಚೌಕಟ್ಟು, ಆರು ತೋಟಾಗಳ ಉರುಳೆ ಎಲ್ಲವೂ ಅದರದೇ. ಬದಲಾಗಿದ್ದು ಮುಖ್ಯವಾಗಿ ಬೋರು. ಸೇನಾ ಆಯುಧದ ನಾಗರಿಕ ರೂಪ ಎಂದು ನಿಜವಾಗಿ ಕರೆಯಬಹುದಾದದ್ದು ಇದನ್ನೇ. 2014ರಲ್ಲಿ ಬಂದ, ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ರಿವಾಲ್ವರ್ ಕೂಡ .32 ಬೋರಿನದೇ.

ಅಮೆರಿಕದಲ್ಲಿ ಈ ಗೆರೆ ಹೀಗಿಲ್ಲ. 1985ರಲ್ಲಿ ಅಲ್ಲಿನ ಸೇನೆ ಎಂ9 ಎಂದು ಸ್ವೀಕರಿಸಿದ ಬೆರೆಟ್ಟಾ ಪಿಸ್ತೂಲು, 92ಎಫ್‌ಎಸ್ ಎಂಬ ಹೆಸರಿನಲ್ಲಿ ಅಂಗಡಿಯಲ್ಲೂ ಸಿಗುತ್ತಿತ್ತು. ಎರಡಕ್ಕೂ ಅದೇ 9 ಎಂ.ಎಂ. ತೋಟಾ. ವ್ಯತ್ಯಾಸವೆಲ್ಲ ಗುರಿ ಹಿಡಿಯುವ ಚುಕ್ಕೆಗಳ ವಿನ್ಯಾಸ, ಕೆತ್ತಿದ ಅಕ್ಷರಗಳಂಥ ಸಣ್ಣ ಸಂಗತಿಗಳಲ್ಲಿತ್ತು.