ಟ್ಯಾಂಕ್ ತುಂಬಿಸಿದರೂ ಹಳೆಯ ಜೀಪಿನ ಡೀಸೆಲ್ ಮುಳ್ಳು ಏಳುವುದಿಲ್ಲ, ಹೊಸ ಮೀಟರ್ ಹಾಕಿಸಲೇ?

ದಯವಿಟ್ಟು ಮೀಟರ್ ಬಿಚ್ಚಬೇಡಿ. ಮುಳ್ಳು ಕಾಣುವುದು ಮೀಟರಿನಲ್ಲಿ, ಹಾಗಾಗಿ ಅನುಮಾನವೂ ಅದರ ಮೇಲೆಯೇ ಬೀಳುತ್ತದೆ. ನನಗೂ ಹಾಗೆಯೇ ಆಯಿತು.

ಸಕಲೇಶಪುರದ ತೋಟದಲ್ಲಿ ಅಪ್ಪ ಓಡಿಸುತ್ತಿದ್ದ ಡೀಸೆಲ್ ಜೀಪು ನಮ್ಮದು. ಟ್ಯಾಂಕಿಗೆ ತುಕ್ಕು ಹಿಡಿದಿತ್ತೆಂದು ಇಳಿಸಿ, ಉಜ್ಜಿಸಿ, ದಪ್ಪಗೆ ಬಣ್ಣ ಹೊಡೆಸಿ, ಹೊಸ ರಬ್ಬರ್ ಪಟ್ಟಿಯ ಮೇಲೆ ಕೂರಿಸಿದೆವು. ಅಂದಿನಿಂದ ಮುಳ್ಳು ಏಳಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದು ಬದಲಿ ಮೀಟರ್ ತಂದೆ, ಹಳೆಯದನ್ನು ಅಂಗಡಿಯಲ್ಲೇ ಬಿಟ್ಟೆ. ಮುಳ್ಳು ಮಲಗಿಯೇ ಇತ್ತು. ಟ್ಯಾಂಕಿನೊಳಗೆ ತೇಲುತ್ತಾ ಡೀಸೆಲ್ ಮಟ್ಟ ಅಳೆಯುವ ಫ್ಲೋಟ್ ಯೂನಿಟ್ಟನ್ನೂ ಬದಲಿಸಿದೆ. ಊಹೂಂ.

ದೋಷವಿದ್ದದ್ದು ಆ ಬಣ್ಣದಲ್ಲಿ. ಮೀಟರಿನಿಂದ ಟ್ಯಾಂಕಿಗೆ ಬರುವುದು ಒಂದೇ ತಂತಿ. ಕರೆಂಟ್ ಮರಳಬೇಕಾದದ್ದು ಟ್ಯಾಂಕಿನ ಲೋಹದ ಮೂಲಕ, ಅಲ್ಲಿಂದ ಚಾಸಿಗೆ, ಅಂದರೆ ಜೀಪಿನ ಲೋಹದ ಚೌಕಟ್ಟಿಗೆ. ಡೀಸೆಲ್ ಏರಿದಂತೆ ಫ್ಲೋಟ್ ಏರುತ್ತದೆ, ಯೂನಿಟ್ಟು ಕರೆಂಟಿಗೆ ಒಡ್ಡುವ ತಡೆ (ರೋಧ) ಇಳಿಯುತ್ತದೆ, ಮುಳ್ಳು ಮೇಲೇಳುತ್ತದೆ. ಬಣ್ಣವೂ ರಬ್ಬರೂ ಸೇರಿ ಆ ಮರಳುವ ದಾರಿಯನ್ನೇ ಮುಚ್ಚಿದ್ದವು. ಆ ದಾರಿ, ಅಂದರೆ ಅರ್ತಿಂಗ್, ಇಲ್ಲದಿದ್ದರೆ ಕರೆಂಟ್ ಹರಿಯುವುದಿಲ್ಲ, ತುಂಬಿದ ಟ್ಯಾಂಕೂ ಖಾಲಿಯೆಂದೇ ಕಾಣುತ್ತದೆ. ಬಣ್ಣ ಹೊಡೆಸಿದ ಮೇಲೆಯೇ ಮುಳ್ಳು ಸತ್ತದ್ದೆಂದು ನನಗೆ ಗೊತ್ತಿತ್ತು, ಆದರೂ ಎರಡನ್ನೂ ಜೋಡಿಸಿ ಯೋಚಿಸಲಿಲ್ಲ. ಊರಿನ ಎಲೆಕ್ಟ್ರಿಷಿಯನ್ ಒಂದು ತುಂಡು ತಂತಿ ಹಿಡಿದು ತೋರಿಸಿದಾಗಲೇ ತಿಳಿದದ್ದು. ಹಣಕ್ಕಿಂತ ಹೆಚ್ಚು ನೋವು ಅಪ್ಪನ ಕಾಲದ ಮೀಟರ್ ಹೋದದ್ದಕ್ಕೆ. ಬದಲಿ ಮೀಟರಿಗೂ ಹೊಸ ಯೂನಿಟ್ಟಿಗೂ ರೋಧದ ಅಳತೆ (ಓಮ್ ಲೆಕ್ಕ) ಹೊಂದದೆ, ಅರ್ಧ ಟ್ಯಾಂಕಿಗೆ ಮುಕ್ಕಾಲು ತೋರಿಸುತ್ತದೆ.

ನೀವು ಹೀಗೆ ಮಾಡಿ. ಕೀಲಿ ಆಫ್ ಮಾಡಿ ಯೂನಿಟ್ಟಿನ ತಂತಿ ಕಳಚಿ, ಬಣ್ಣವಿಲ್ಲದ ಚಾಸಿಗೆ ಜೋಡಿಸಿ, ಕೀಲಿಯನ್ನು ಕ್ಷಣಕಾಲ ಮಾತ್ರ ಆನ್ ಮಾಡಿ. ಮುಳ್ಳು ಮೇಲೆದ್ದರೆ ಮೀಟರ್, ತಂತಿ ಎರಡೂ ಸರಿಯಿವೆ. ಏಳದಿದ್ದರೆ ಮಾತ್ರ ಫ್ಯೂಸ್, ತಂತಿ, ಕೊನೆಗೆ ಮೀಟರ್ ನೋಡಿ. ಮುಳ್ಳು ಎದ್ದಿದ್ದರೆ ತಂತಿಯನ್ನು ಮೊದಲಿನಂತೆ ಸಿಕ್ಕಿಸಿ, ಯೂನಿಟ್ಟಿನ ಲೋಹದ ಅಂಚಿನಿಂದ ಚಾಸಿಗೆ ಬೇರೊಂದು ತಂತಿ ಎಳೆಯಿರಿ. ಈಗ ಮುಳ್ಳು ಸರಿಯಾಗಿ ನಿಂತರೆ ಆ ತಂತಿಯನ್ನೇ ಬೋಲ್ಟ್ ಹಾಕಿ ಕಾಯಂ ಮಾಡಿಬಿಡಿ. ಆಗಲೂ ಏಳದಿದ್ದರೆ ಯೂನಿಟ್ ತೆಗೆದು ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ. ಒಳಗೆ ಡೀಸೆಲ್ ಕುಲುಕಿದರೆ ತೂತಾಗಿ ಮುಳುಗಿದೆ ಎಂದರ್ಥ.

ಕೋಲು ಅದ್ದಿ ನೋಡಿಕೊಂಡು ಓಡಿಸಬಹುದೇ ಎಂದೂ ಕೇಳಿದ್ದೀರಿ. ಬೇಡ. ಒಂದು ದಿನ ಅದ್ದಲು ಮರೆತು ಡೀಸೆಲ್ ಪೂರ್ತಿ ಮುಗಿದರೆ ಪೈಪಿಗೆ ಗಾಳಿ ಸೇರುತ್ತದೆ. ಕ್ಯಾನಿನಿಂದ ತುಂಬಿಸಿದ ಮಾತ್ರಕ್ಕೆ ಎಂಜಿನ್ ಹೊರಡುವುದಿಲ್ಲ. ಶಿರಾಡಿ ಘಾಟಿಯ ಮಳೆಯಲ್ಲಿ, ಲಾರಿಗಳು ಮೈಗೆ ಉಜ್ಜುವಂತೆ ಹೋಗುತ್ತಿರುವಾಗ, ಗಾಳಿ ಹೊರಬಿಡುವ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೂ ಕೈಪಂಪು ಒತ್ತುತ್ತಾ ನಿಂತಿದ್ದೇನೆ. ಈ ವಾರವೇ ಅರ್ತಿಂಗ್ ನೋಡಿಸಿ.