ಓದುಗರ ಪ್ರಶ್ನೆ: ಕಡಲಿಗಿಳಿದ ಜಲಾಂತರ್ಗಾಮಿಗೆ ಆಜ್ಞೆ ಯಾರದು?

ಪ್ರಶ್ನೆ: ಎರಡನೆಯ ಮಹಾಯುದ್ಧದ ಬಗ್ಗೆ ಓದುವಾಗ ‘ಏಳನೆಯ ಫ್ಲೊಟಿಲ್ಲಾ’, ‘ಹತ್ತನೆಯ ಫ್ಲೊಟಿಲ್ಲಾ’ ಎಂಬ ಹೆಸರುಗಳು ಪದೇಪದೇ ಎದುರಾಗುತ್ತವೆ. ಭೂಸೇನೆಯ ಬೆಟಾಲಿಯನ್ ತನ್ನ ಅಧಿಕಾರಿಯ ಕೈಕೆಳಗೆ ಒಟ್ಟಾಗಿ ಹೋರಾಡುವಂತೆ, ಒಂದು ಫ್ಲೊಟಿಲ್ಲಾಕ್ಕೆ ಸೇರಿದ ಜಲಾಂತರ್ಗಾಮಿಗಳೂ ಒಟ್ಟಾಗಿ ಹೋಗುತ್ತಿದ್ದವೇ? ನಡುಗಡಲಿನಲ್ಲಿದ್ದ ನೌಕೆಗೆ ಆಜ್ಞೆ ಯಾರಿಂದ, ಹೇಗೆ ತಲುಪುತ್ತಿತ್ತು?

ಉತ್ತರ: ಜರ್ಮನಿಯ ಮಟ್ಟಿಗೆ ಹೇಳುವುದಾದರೆ, ಒಟ್ಟಾಗಿ ಹೋಗುತ್ತಿರಲಿಲ್ಲ. ಅಲ್ಲಿ ಫ್ಲೊಟಿಲ್ಲಾ ಎಂಬುದು ಹೋರಾಡುವ ತುಕಡಿಯಲ್ಲ, ನೌಕೆಯ ತವರುಮನೆ. ಅದರ ಮುಖ್ಯಸ್ಥ ಬಂದರಿನಲ್ಲೇ ಇರುತ್ತಿದ್ದ. ಗಸ್ತು ಮುಗಿಸಿ ಬಂದ ನೌಕೆಗೆ ತಂಗಲು ಜಾಗ ಒದಗಿಸುವುದು, ಎಂಜಿನ್ ಮತ್ತು ಬ್ಯಾಟರಿಗಳನ್ನು ದುರಸ್ತಿ ಮಾಡಿಸುವುದು, ಟಾರ್ಪೆಡೊ, ಇಂಧನ, ದಿನಸಿಗಳನ್ನು ತುಂಬಿಸುವುದು, ನಾವಿಕರ ರಜೆ, ಸಂಬಳ, ವರ್ಗಾವಣೆಗಳನ್ನು ನೋಡಿಕೊಳ್ಳುವುದು ಅವನ ಹೊಣೆ. ನೌಕೆ ತೆರೆದ ಕಡಲನ್ನು ಸೇರಿದೊಡನೆ ಅವನ ಅಧಿಕಾರ ಮುಗಿದು, ಅದು ನೇರವಾಗಿ ಜಲಾಂತರ್ಗಾಮಿ ಪಡೆಯ ದಂಡನಾಯಕ ಕಾರ್ಲ್ ಡೊನಿಟ್ಸ್‌ನ ಕಚೇರಿಯ ಅಧೀನಕ್ಕೆ ಬರುತ್ತಿತ್ತು. ಹೀಗಾಗಿ ಫ್ರಾನ್ಸಿನ ಕರಾವಳಿಯ ಬ್ರೆಸ್ಟ್‌ನಿಂದ ಹೊರಟ ನೌಕೆಯೂ ಸ್ಯಾಂ ನಜೇರ್‌ನಿಂದ ಹೊರಟ ನೌಕೆಯೂ ಅಟ್ಲಾಂಟಿಕ್‌ನ ನಡುವೆ ಒಂದೇ ಬೇಟೆಯಲ್ಲಿ ಕೂಡುವುದು, ಒಂದೇ ಫ್ಲೊಟಿಲ್ಲಾದ ಎರಡು ನೌಕೆಗಳು ಸಾವಿರಾರು ಮೈಲಿ ದೂರದಲ್ಲಿರುವುದು, ಎರಡೂ ಸಾಮಾನ್ಯ ಸಂಗತಿಗಳಾಗಿದ್ದವು.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಆರಂಭವಾದಾಗ ಡೊನಿಟ್ಸ್‌ನ ಬಳಿ ಇದ್ದದ್ದು 57 ಜಲಾಂತರ್ಗಾಮಿಗಳು. ಅವುಗಳಲ್ಲಿ ಅಟ್ಲಾಂಟಿಕ್‌ಗೆ ಹೋಗಬಲ್ಲವು ಅರ್ಧಕ್ಕಿಂತ ಕಡಿಮೆ. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಾಗ ಅದರ ಪಶ್ಚಿಮ ಕರಾವಳಿಯ ಬಂದರುಗಳು ಜರ್ಮನಿಯ ಕೈಸೇರಿದವು. ಕ್ರಮೇಣ ಬ್ರೆಸ್ಟ್, ಲೋರಿಯಾಂ, ಸ್ಯಾಂ ನಜೇರ್‌ಗಳಲ್ಲಿ ಎರಡೆರಡು ಫ್ಲೊಟಿಲ್ಲಾಗಳೂ ಲಾ ಪಾಲಿಸ್ ಮತ್ತು ಬೋರ್ಡೊಗಳಲ್ಲಿ ಒಂದೊಂದೂ ನೆಲೆಯೂರಿದವು. ಹೊಸ ನೌಕೆಗಳು ಮಾತ್ರ ಮೊದಲು ಬಾಲ್ಟಿಕ್ ಸಮುದ್ರದ ತರಬೇತಿ ಫ್ಲೊಟಿಲ್ಲಾಗಳಲ್ಲಿ ಪಳಗಿ, ಆಮೇಲಷ್ಟೇ ರಣಾಂಗಣದ ಫ್ಲೊಟಿಲ್ಲಾಗಳಿಗೆ ಬರುತ್ತಿದ್ದವು.

ಡೊನಿಟ್ಸ್ ತನ್ನ ಕಚೇರಿಯನ್ನು ಲೋರಿಯಾಂ ಬಳಿಯ ಕೆರ್ನೆವೆಲ್‌ನ ಬಂಗಲೆಯೊಂದರಲ್ಲಿ ಹೂಡಿದ. ಬೃಹತ್ ಸೇನಾ ಕಚೇರಿಯನ್ನು ಊಹಿಸಿಕೊಳ್ಳಬೇಡಿ. ಎಬರ್ಹಾರ್ಡ್ ಗೋಟ್ ಎಂಬ ಅಧಿಕಾರಿ ಮತ್ತು ಬೆರಳೆಣಿಕೆಯ ಸಹಾಯಕರು ಗೋಡೆಯ ಮೇಲಿನ ನಕ್ಷೆಗಳನ್ನು ನೋಡುತ್ತ ಇಡೀ ಸಾಗರದ ಕದನವನ್ನು ನಡೆಸುತ್ತಿದ್ದರು. ನಕ್ಷೆಯಲ್ಲಿ ಕಡಲನ್ನು ಚೌಕಗಳಾಗಿ ಹೋಳುಮಾಡಿ, ಪ್ರತಿ ಚೌಕಕ್ಕೂ ಎರಡು ಅಕ್ಷರ ಮತ್ತು ಕೆಲವು ಅಂಕಿಗಳ ಹೆಸರು ಕೊಡಲಾಗಿತ್ತು. ಅದೇ ನಕ್ಷೆ ಪ್ರತಿ ನೌಕೆಯ ಕಪ್ತಾನನ ಬಳಿಯೂ ಇದ್ದುದರಿಂದ, ಇಂಥ ಚೌಕಕ್ಕೆ ಹೋಗು ಎಂದು ನಾಲ್ಕೈದು ಗುರುತುಗಳಲ್ಲಿ ಹೇಳಿ ಮುಗಿಸಬಹುದಾಗಿತ್ತು. ಯುದ್ಧನೌಕೆಗಳ ಬೆಂಗಾವಲಿನಲ್ಲಿ ಗುಂಪಾಗಿ ಸಾಗುವ ವ್ಯಾಪಾರಿ ಹಡಗುಗಳ ಕಾನ್ವಾಯ್ ಬರುವ ಸೂಚನೆ ಸಿಕ್ಕಾಗ ಸಮೀಪದ ನೌಕೆಗಳನ್ನೆಲ್ಲ ಅದರ ದಾರಿಗೆ ಅಡ್ಡಲಾಗಿ ಸಾಲಾಗಿ ನಿಲ್ಲಿಸಿ, ಆ ಸಾಲಿಗೊಂದು ಹೆಸರಿಡುತ್ತಿದ್ದರು. ಕಾನ್ವಾಯ್ ಮೊದಲು ಯಾರ ಕಣ್ಣಿಗೆ ಬಿದ್ದಿತೋ ಆ ನೌಕೆ ಆತುರಪಟ್ಟು ದಾಳಿ ಮಾಡದೆ, ವರದಿ ಕಳಿಸಿ, ಬೆನ್ನು ಬಿಡದೆ ಹಿಂಬಾಲಿಸಬೇಕಿತ್ತು. ಉಳಿದವು ಬಂದು ಸೇರಿದ ಮೇಲೆ ರಾತ್ರಿಯಲ್ಲಿ, ಬಹುಮಟ್ಟಿಗೆ ನೀರಿನ ಮೇಲ್ಮೈಯಲ್ಲೇ, ಒಟ್ಟಾಗಿ ಎರಗುತ್ತಿದ್ದವು. ತೋಳಗಳ ಹಿಂಡು ಎಂದು ಪ್ರಸಿದ್ಧವಾದದ್ದು ಇದೇ. ನಿಜವಾದ ಹೋರಾಟದ ತುಕಡಿ ಈ ಹಿಂಡು. ರೇಡಿಯೊದಲ್ಲಿ ಹುಟ್ಟಿ, ಕೆಲವು ದಿನಗಳಲ್ಲೋ ವಾರಗಳಲ್ಲೋ ಚದುರಿಹೋಗುತ್ತಿದ್ದ ಅದಕ್ಕೆ ಬಂದರಿನಲ್ಲಿ ಕಟ್ಟಡವೂ ಇರಲಿಲ್ಲ, ಕಡತವೂ ಇರಲಿಲ್ಲ.

ಆಜ್ಞೆ ತಲುಪುವ ಬಗೆಯ ಕುರಿತ ನಿಮ್ಮ ಪ್ರಶ್ನೆಗೆ ಉತ್ತರ ಸುಲಭ: ಅಂದಿನ ಜಲಾಂತರ್ಗಾಮಿ ಹೆಚ್ಚಿನ ಹೊತ್ತು ನೀರಿನ ಮೇಲೆಯೇ ಸಾಗಿ, ಅಗತ್ಯ ಬಿದ್ದಾಗ ಮಾತ್ರ ಮುಳುಗುತ್ತಿತ್ತು, ಹಾಗಾಗಿ ರೇಡಿಯೊದಲ್ಲಿ ಕಳಿಸಿದ ಆಜ್ಞೆ ಅದನ್ನು ಸುಲಭವಾಗಿ ತಲುಪುತ್ತಿತ್ತು. ಮುಳುಗಿದ ನೌಕೆಗೂ ಕೆಲವು ಮೀಟರ್ ಆಳದವರೆಗೆ ತಲುಪುವ ಅತಿ ದೀರ್ಘ ತರಂಗದ ‘ಗೋಲಿಯಾತ್’ ಎಂಬ ಪ್ರೇಷಕವನ್ನು ಜರ್ಮನ್ನರು 1943ರಲ್ಲಿ ಬಳಕೆಗೆ ತಂದರು. ಆಜ್ಞೆಯನ್ನು ಕೇಳಿಸಿಕೊಳ್ಳುವುದರಲ್ಲಿ ಅಪಾಯವಿರಲಿಲ್ಲ. ಅಪಾಯವಿದ್ದದ್ದು ಉತ್ತರ ಕೊಡುವುದರಲ್ಲಿ. ಡೊನಿಟ್ಸ್‌ನ ವ್ಯವಸ್ಥೆಗೆ ಉತ್ತರಗಳು ಬೇಕೇ ಬೇಕಿತ್ತು: ಎಲ್ಲಿದ್ದೀರಿ, ಎಷ್ಟು ಇಂಧನ ಉಳಿದಿದೆ, ಎಷ್ಟು ಟಾರ್ಪೆಡೊ ಉಳಿದಿವೆ. ಇತರ ನೌಕೆಗಳಿಗೆ ನಡುಗಡಲಿನಲ್ಲಿ ಇಂಧನ ತುಂಬಿಸಲೆಂದೇ ಕಟ್ಟಿದ, ‘ಹಾಲು ಕೊಡುವ ಹಸು’ಗಳೆಂದು ನಾವಿಕರು ಕರೆಯುತ್ತಿದ್ದ ಹತ್ತು ದೊಡ್ಡ ಜಲಾಂತರ್ಗಾಮಿಗಳ ಭೇಟಿಯ ಜಾಗವನ್ನೂ ರೇಡಿಯೊದಲ್ಲೇ ಗೊತ್ತುಮಾಡಬೇಕಿತ್ತು. ಹೀಗೆ ಹೊರಟ ಪ್ರತಿ ಸಂದೇಶದ ದಿಕ್ಕನ್ನೂ ಬೆಂಗಾವಲು ಹಡಗುಗಳ ದಿಕ್ಸೂಚಕ ಉಪಕರಣಗಳು ಹಿಡಿಯಬಲ್ಲವಾಗಿದ್ದವು; ಎನಿಗ್ಮಾ ಎಂಬ ಯಂತ್ರ ಹೆಣೆದ ಸಂದೇಶದ ಗೂಢಲಿಪಿಯನ್ನು ಇಂಗ್ಲೆಂಡಿನ ಗೂಢಲಿಪಿ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ನವರು ಒಡೆಯುತ್ತಿದ್ದರು. 1942ರ ಫೆಬ್ರವರಿಯಲ್ಲಿ ಯಂತ್ರಕ್ಕೆ ನಾಲ್ಕನೆಯ ಚಕ್ರ ಸೇರಿದ ಮೇಲೆ ಸುಮಾರು ಹತ್ತು ತಿಂಗಳು ಬ್ರಿಟಿಷರು ಕುರುಡಾದರು. ಡಿಸೆಂಬರ್‌ನಲ್ಲಿ ಮತ್ತೆ ದಾರಿ ಸಿಕ್ಕಿತು. ಹಾಲು ಕೊಡುವ ಹಸುಗಳು ಹತ್ತೂ ಮುಳುಗಿದವು. 1943ರ ಮೇ ತಿಂಗಳೊಂದರಲ್ಲೇ ಸುಮಾರು 41 ಜಲಾಂತರ್ಗಾಮಿಗಳು ನಾಶವಾದಾಗ, ಡೊನಿಟ್ಸ್ ಆ ತಿಂಗಳ 24ರಂದು ಉತ್ತರ ಅಟ್ಲಾಂಟಿಕ್‌ನ ಕಾನ್ವಾಯ್ ದಾರಿಗಳಿಂದ ತನ್ನ ನೌಕೆಗಳನ್ನು ಹಿಂದೆಗೆದುಕೊಂಡ.

ಸೋಲಿನ ಹೊಣೆಯನ್ನೆಲ್ಲ ರೇಡಿಯೊದ ತಲೆಗೆ ಕಟ್ಟುವ ಬರಹಗಳನ್ನು ನಾವೂ ಓದಿದ್ದೇವೆ. ಅದು ಅತಿಯಾಯಿತು. ದೂರ ಹಾರಬಲ್ಲ ವಿಮಾನಗಳು, ಸೂಕ್ಷ್ಮ ತರಂಗದ ರಾಡಾರ್, ಬೆಂಗಾವಲಿನ ಪುಟ್ಟ ವಿಮಾನವಾಹಕ ಹಡಗುಗಳು ಒಟ್ಟಿಗೇ ಬಂದದ್ದು ಅಷ್ಟೇ ದೊಡ್ಡ ಕಾರಣ. ಕೈಯಲ್ಲಿ ಕೆಲವೇ ನೌಕೆಗಳು, ಎದುರಿಗೆ ಮಹಾಸಾಗರ ಎಂಬ ಸ್ಥಿತಿಯಲ್ಲಿ ಒಂದೇ ಕೇಂದ್ರದಿಂದ ಎಲ್ಲವನ್ನೂ ನಡೆಸಲು ಹೊರಟದ್ದು ಅವಿವೇಕವಾಗಿರಲಿಲ್ಲ. ಗೂಢಲಿಪಿ ಒಡೆದಿರಬಹುದೆಂಬ ಅನುಮಾನ ಡೊನಿಟ್ಸ್‌ಗೆ ಹಲವು ಬಾರಿ ಬಂದಿತ್ತು. ವಿಚಾರಣೆ ನಡೆಸಿದವರು ಪ್ರತಿ ಸಲವೂ ಅದು ಭದ್ರವಾಗಿದೆ ಎಂದರು, ಅವನೂ ನಂಬಿದ. ತಪ್ಪಿದ್ದು ಅಲ್ಲಿ.

ಅಮೆರಿಕದವರ ರೀತಿ ಬೇರೆ. ಪೆಸಿಫಿಕ್‌ನಲ್ಲಿ ಅವರ ಜಲಾಂತರ್ಗಾಮಿಗಳನ್ನು ಡಿವಿಷನ್‌ಗಳಾಗಿ, ಡಿವಿಷನ್‌ಗಳನ್ನು ಸ್ಕ್ವಾಡ್ರನ್‌ಗಳಾಗಿ ಜೋಡಿಸಿ, ಸ್ಕ್ವಾಡ್ರನ್‌ಗೊಂದು ತಾಯಿ ಹಡಗನ್ನು ಕೊಡುತ್ತಿದ್ದರು. ಕಮ್ಮಟ, ಉಗ್ರಾಣ, ಆಸ್ಪತ್ರೆ ಎಲ್ಲವೂ ಆ ಹಡಗಿನಲ್ಲೇ ಇದ್ದುದರಿಂದ ನೆಲೆಯನ್ನು ರಣರಂಗದ ಹತ್ತಿರಕ್ಕೆ ಸರಿಸುವುದು ಸುಲಭವಾಗಿತ್ತು. ಗಸ್ತಿನಿಂದ ಮರಳಿದ ನಾವಿಕರು ಸುಮಾರು ಎರಡು ವಾರ ವಿಶ್ರಾಂತಿಗೆ ಹೋದರೆ, ಅವರ ನೌಕೆಯನ್ನು ಬದಲಿ ಸಿಬ್ಬಂದಿಯೊಂದು ವಹಿಸಿಕೊಂಡು ದುರಸ್ತಿ ಮುಗಿಸಿಡುತ್ತಿತ್ತು. ಕಡಲಿಗೆ ಹೋದ ಕಪ್ತಾನನಿಗೆ ಒಂದು ಪ್ರದೇಶವನ್ನು ಒಪ್ಪಿಸಿ, ಬಹುಪಾಲು ಅವನ ಪಾಡಿಗೆ ಬಿಡುತ್ತಿದ್ದರು. ಗೂಢಚಾರ ಮಾಹಿತಿ ರಾತ್ರಿಯ ಪ್ರಸಾರದಲ್ಲಿ ಬರುತ್ತಿತ್ತು, ಅವನು ಕೇಳಿಸಿಕೊಂಡರೆ ಸಾಕು. 1943ರ ಸೆಪ್ಟೆಂಬರ್‌ನಿಂದ ಅವರೂ ಹಿಂಡು ಕಟ್ಟಿದರು. ಆದರೆ ಅದು ಸಾಮಾನ್ಯವಾಗಿ ಮೂರು ನೌಕೆಗಳ ಪುಟ್ಟ ಹಿಂಡು, ಮುಖಂಡ ದೂರದ ಬಂಗಲೆಯಲ್ಲಿರದೆ ಹಿಂಡಿನೊಳಗೇ ಇರುತ್ತಿದ್ದ.

ಆ ವ್ಯವಸ್ಥೆಯ ಹುಳುಕು ಇದ್ದದ್ದು ಬೇರೆಡೆ: ಪಡೆಗೆ ಒಬ್ಬನೇ ಯಜಮಾನ ಇರಲಿಲ್ಲ. ಪರ್ಲ್ ಹಾರ್ಬರ್‌ನಲ್ಲೊಂದು ದಂಡು, ಆಸ್ಟ್ರೇಲಿಯದ ಫ್ರೀಮ್ಯಾಂಟಲ್‌ನಲ್ಲಿ ಬೇರೊಂದು ದಂಡು, ಎರಡಕ್ಕೂ ಮೇಲಧಿಕಾರಿಗಳೂ ಬೇರೆ. ಇದರ ಪರಿಣಾಮ ಅವರು ಬಳಸುತ್ತಿದ್ದ ಮಾರ್ಕ್ 14 ಟಾರ್ಪೆಡೊ ವಿಷಯದಲ್ಲಿ ಎದ್ದು ಕಾಣುತ್ತದೆ. ಹಡಗಿನ ಕಾಂತಕ್ಷೇತ್ರವನ್ನು ಗ್ರಹಿಸಿ ಸಿಡಿಯಬೇಕಿದ್ದ ಅದರ ಕಾಂತೀಯ ಸ್ಫೋಟಕ ಕೀಲಿ ಕೆಲವೊಮ್ಮೆ ಗುರಿ ಮುಟ್ಟುವ ಮೊದಲೇ ಸಿಡಿಯುತ್ತಿತ್ತು, ಕೆಲವೊಮ್ಮೆ ಸಿಡಿಯುತ್ತಲೇ ಇರಲಿಲ್ಲ. 1943ರ ಜೂನ್‌ನಲ್ಲಿ ಪರ್ಲ್ ಹಾರ್ಬರ್ ದಂಡಿನ ಮುಖ್ಯಸ್ಥ ಚಾರ್ಲ್ಸ್ ಲಾಕ್‌ವುಡ್ ತನ್ನ ನೌಕೆಗಳಲ್ಲಿ ಆ ಕೀಲಿಯನ್ನು ನಿಷ್ಕ್ರಿಯಗೊಳಿಸಲು ಹೇಳಿದ. ಅದರ ಅಭಿವೃದ್ಧಿಯಲ್ಲಿ ಹಿಂದೆ ತಾನೇ ಕೆಲಸ ಮಾಡಿದ್ದ ಫ್ರೀಮ್ಯಾಂಟಲ್ ದಂಡಿನ ಮುಖ್ಯಸ್ಥ ರಾಲ್ಫ್ ಕ್ರಿಸ್ಟಿ ಇದಕ್ಕೆ ಒಪ್ಪದೆ, ಆ ವರ್ಷದ ಕೊನೆಯವರೆಗೂ ತನ್ನ ನೌಕೆಗಳಲ್ಲಿ ಅದನ್ನೇ ಬಳಸಿದ. ಒಂದೇ ನೌಕಾಪಡೆ, ಒಂದೇ ಟಾರ್ಪೆಡೊ, ನೆಲೆಗೊಂದು ನಿಯಮ. ಇಷ್ಟಾಗಿಯೂ ಜಪಾನಿನ ವ್ಯಾಪಾರಿ ಹಡಗುಗಳ ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಜಲಾಂತರ್ಗಾಮಿಗಳ ಲೆಕ್ಕಕ್ಕೇ ಸೇರಿತು. ಅವರು ಕಳೆದುಕೊಂಡ ನೌಕೆಗಳು 52.

ಬ್ರಿಟಿಷರಲ್ಲಿ ಮಾತ್ರ ನಿಮ್ಮ ಊಹೆಗೆ ಹತ್ತಿರವಾದ ಉದಾಹರಣೆ ಸಿಗುತ್ತದೆ. ಮಾಲ್ಟಾ ದ್ವೀಪದ ಹತ್ತನೆಯ ಫ್ಲೊಟಿಲ್ಲಾದ ಮುಖ್ಯಸ್ಥ ಕ್ಯಾಪ್ಟನ್ ಸಿಂಪ್ಸನ್ ದುರಸ್ತಿಯ ಜೊತೆಗೆ ಗಸ್ತುಗಳನ್ನೂ ತಾನೇ ನಡೆಸುತ್ತಿದ್ದ. ಉತ್ತರ ಆಫ್ರಿಕಕ್ಕೆ ಹೋಗುವ ಶತ್ರುಹಡಗುಗಳ ದಾರಿ ಅಲ್ಲಿಂದ ಅಷ್ಟು ಸಮೀಪವಿದ್ದಾಗ ಆಜ್ಞೆಗಾಗಿ ಲಂಡನ್ನಿನತ್ತ ನೋಡುವ ಅಗತ್ಯವಿರಲಿಲ್ಲ. ಬಾಂಬುಗಳ ಕಾಟಕ್ಕೆ ಅವನ ನೌಕೆಗಳು ಹಗಲೆಲ್ಲ ಬಂದರಿನ ತಳದಲ್ಲೇ ಮುಳುಗಿ ಕೂರಬೇಕಾಗಿ ಬಂದದ್ದೂ ಉಂಟು.

ಪ್ರಶ್ನೆ: ನೀರಿನಡಿಯಲ್ಲಿ ಗುರುತು ಸಿಗದೆ ಸ್ವಪಕ್ಷದ ಜಲಾಂತರ್ಗಾಮಿಗಳು ಒಂದನ್ನೊಂದು ಹೊಡೆದುಕೊಂಡದ್ದಿಲ್ಲವೇ?

ಉತ್ತರ: ಉಂಟು. ಯುದ್ಧ ಆರಂಭವಾಗಿ ಒಂದು ವಾರವಷ್ಟೇ ಕಳೆದಿತ್ತು. 1939ರ ಸೆಪ್ಟೆಂಬರ್ 10ರಂದು ನಾರ್ವೆಯ ಕರಾವಳಿಯಾಚೆ ಬ್ರಿಟಿಷರ ‘ಟ್ರೈಟನ್’ ಜಲಾಂತರ್ಗಾಮಿ ತಮ್ಮದೇ ‘ಆಕ್ಸ್‌ಲಿ’ಯನ್ನು ಮುಳುಗಿಸಿತು. ಬದುಕುಳಿದವರು ಇಬ್ಬರೇ. ಪಕ್ಕಪಕ್ಕದ ಪ್ರದೇಶಗಳಲ್ಲಿ ಗಸ್ತಿನಲ್ಲಿದ್ದ ಎರಡರಲ್ಲಿ ಆಕ್ಸ್‌ಲಿ ತನ್ನ ಗೆರೆ ದಾಟಿ ಬಂದಿತ್ತು. ಪ್ರತಿ ನೌಕೆಗೂ ನಕ್ಷೆಯಲ್ಲಿ ಗಡಿ ಹಾಕಿಕೊಡುವ ಕಚೇರಿಯ ಕೆಲಸ ಎಷ್ಟು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ. ನೆಲೆಗೆ ಹೋಗಿಬರಲು ಅಮೆರಿಕದವರು ಸುರಕ್ಷಿತ ಪಥಗಳನ್ನೂ ಗೊತ್ತುಮಾಡಿದ್ದರು; ಅಲ್ಲಿ ಕಂಡ ಜಲಾಂತರ್ಗಾಮಿಯ ಮೇಲೆ ಯಾರೂ ದಾಳಿ ಮಾಡಬಾರದು. ಆದರೂ 1944ರ ಅಕ್ಟೋಬರ್‌ನಲ್ಲಿ, ಜಪಾನಿ ಜಲಾಂತರ್ಗಾಮಿಯೊಂದು ಸಮೀಪದಲ್ಲೇ ಅಮೆರಿಕದ ಹಡಗಿಗೆ ಟಾರ್ಪೆಡೊ ಹೊಡೆದಿದ್ದ ಆತಂಕದಲ್ಲಿ, ಅಂಥ ಪಥದೊಳಗೆ ಅಮೆರಿಕದ್ದೇ ಬೆಂಗಾವಲು ಹಡಗೊಂದು ನಡೆಸಿದ ದಾಳಿಗೆ ಅವರ ‘ಸೀವುಲ್ಫ್’ ಜಲಾಂತರ್ಗಾಮಿ ಬಲಿಯಾಯಿತೆಂದು ನಂಬಲಾಗಿದೆ. ಅದರಲ್ಲಿದ್ದ ಯಾರೊಬ್ಬರೂ ಉಳಿಯಲಿಲ್ಲ.